ತಾತನ ನೋಟಕ್ಕೆ ಬೆದರಿದ ಹುಲಿ

ಓದುಗರ ಪತ್ರ: ‘ಕಳೆದ ಸಂಚಿಕೆಯಲ್ಲಿ ಜಿಂಕೆ ಬೇಟೆಗೆ ಹೋಗಿ ಕರಡಿಯ ಕೈಗೆ ಸಿಕ್ಕಿ ಬದುಕಿಬಂದವರ ಅನುಭವವನ್ನು ಪ್ರಕಟಿಸಿ, ಕೆಳಗೆ “ಇದರಲ್ಲಿ ಕರಡಿಯ ತಪ್ಪೇನೂ ಕಾಣುವುದಿಲ್ಲ” ಎಂದು ಟಿಪ್ಪಣಿ ಬರೆದಿದ್ದೀರಿ. ನಮ್ಮ ತಾತ ದೊಡ್ಡ ಬೇಟೆಗಾರರು. ಹತ್ತು ಹೆಜ್ಜೆ ದೂರದಲ್ಲಿ ಹುಲಿ ಎದುರಾದಾಗ ಅದರ ಕಣ್ಣಲ್ಲಿ ಕಣ್ಣಿಟ್ಟು ನಿಂತವರು. ಹುಲಿಯೇ ತಲೆ ತಗ್ಗಿಸಿ ಹಿಂದಕ್ಕೆ ಹೋಯಿತು. ಅಂಥ ಎದೆಗಾರಿಕೆ, ಕೈಯಲ್ಲೊಂದು ಕೋವಿ, ಇವೆರಡೇ ಕಾಡಿನಲ್ಲಿ ಮನುಷ್ಯನನ್ನು ಕಾಯುವುದು. ಕುರ್ಚಿಯಲ್ಲಿ ಕುಳಿತು ಬರೆಯುವವರಿಗೆ ಅದು ತಿಳಿಯುವುದು ಕಷ್ಟ.’

ಸಂಪಾದಕರ ಉತ್ತರ:

ಕುರ್ಚಿಯ ಮಾತನ್ನು ಒಪ್ಪಿಕೊಂಡೇ ಆರಂಭಿಸುತ್ತೇನೆ. ನಾನು ಕೋವಿ ಹಿಡಿದವನಲ್ಲ. ಆದರೆ ಇಪ್ಪತ್ತು ವರ್ಷಗಳಿಂದ ಈ ಕುರ್ಚಿಗೆ ಬಂದು ಬೀಳುವ ಬೇಟೆಯ ಕಥೆಗಳನ್ನು ತಿದ್ದುತ್ತ ಬಂದವನು. ಅದರಿಂದಾಗಿ ಕಾಡಿನ ವಿಷಯ ಹೇಗೋ ಏನೋ, ಕಾಡಿನಿಂದ ಹಿಂದಿರುಗಿದವರು ಹೇಗೆ ಮಾತಾಡುತ್ತಾರೆ ಎಂಬುದು ಮಾತ್ರ ಚೆನ್ನಾಗಿ ತಿಳಿದಿದೆ. ನಿಮ್ಮ ಪತ್ರದ ಅಕ್ಷರ ಮುದ್ದಾಗಿದೆ, ಅಭಿಮಾನ ಪ್ರಾಮಾಣಿಕವಾಗಿದೆ, ತಾತನ ಮೇಲಿನ ಪ್ರೀತಿ ಎದ್ದು ಕಾಣುತ್ತದೆ. ತಾತ ಕದಲದೆ ನಿಂತರು ಎಂಬುದನ್ನು ನಾನು ಅನುಮಾನಿಸುವುದಿಲ್ಲ. ಹುಲಿ ಯಾಕೆ ಹೋಯಿತು ಎಂಬುದಕ್ಕೆ ನೀವು ಕೊಟ್ಟ ಕಾರಣ ಮಾತ್ರ ನನ್ನ ಗಂಟಲಲ್ಲಿ ಇಳಿಯುತ್ತಿಲ್ಲ.

ಹುಲಿ, ಚಿರತೆ, ಸಿಂಹ ಇವೆಲ್ಲ ಹೊಂಚಿ ಹಿಡಿಯುವ ಜಾತಿಯವು. ಹಿಂದಿನಿಂದಲೋ ಪಕ್ಕದಿಂದಲೋ, ಕಣ್ಣಿಗೆ ಬೀಳದಂತೆ ಹತ್ತಿರವಾಗುವುದರ ಮೇಲೆ ಅವುಗಳ ಹೊಟ್ಟೆಪಾಡು ನಿಂತಿದೆ. ಹತ್ತು ಹೆಜ್ಜೆ ಮುಂದೆ ಎದುರಿಗೆ ನಿಂತು ತನ್ನನ್ನು ತೋರಿಸಿಕೊಳ್ಳುವ ಹುಲಿ ಹೆಚ್ಚಿನ ಪಾಲು ನಿಮ್ಮನ್ನು ಹಿಡಿಯುವ ಯೋಚನೆಯಲ್ಲಿಲ್ಲದ ಹುಲಿ. ಅದೂ ನಿಮ್ಮಷ್ಟೇ ಬೆಚ್ಚಿ ನಿಂತಿರುತ್ತದೆ, ಇಲ್ಲವೇ ‘ಇಲ್ಲಿಗೆ ಸಾಕು’ ಎಂದು ಹೇಳುತ್ತಿರುತ್ತದೆ. ತಾತ ಓಡಲಿಲ್ಲ, ಬೆನ್ನು ತಿರುಗಿಸಲಿಲ್ಲ. ಓಡುವುದೆಲ್ಲವೂ ಬೇಟೆಯೆಂದು ತಿಳಿಯುವ ಪ್ರಾಣಿಯ ಮುಂದೆ ಮಾಡಬೇಕಾದದ್ದೂ ಅದೇ. ಅವರು ಧೈರ್ಯದಿಂದ ನಿಂತರೋ ಕಾಲು ಮರಗಟ್ಟಿ ನಿಂತರೋ ಎಂದು ಕೇಳುವ ಅಧಿಕಾರ ನನಗಿಲ್ಲ. ಎರಡರ ಫಲವೂ ಒಂದೇ ಎಂದಷ್ಟೇ ಹೇಳಬಲ್ಲೆ. ಉಳಿದ ತೀರ್ಮಾನ ಹುಲಿಯದು. ನಿಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಹೇಳಿಕೊಂಡು ಬಂದ ಆ ಕಥೆಯಲ್ಲಿ ಹುಲಿಗೆ ಸಿಕ್ಕಿರುವ ಕೆಲಸ ತಲೆ ತಗ್ಗಿಸುವುದೊಂದೇ.

ಬೇಟೆಗಾರನ ಕಸುಬನ್ನು ಸ್ವಲ್ಪ ಬಿಡಿಸಿ ನೋಡೋಣ. ಕರಡಿಗಳಿರುವ ಕಾಡಿನಲ್ಲಿ ಸುಮ್ಮನೆ ನಡೆಯಲು ಹೋಗುವವರಿಗೆ ಎಲ್ಲೆಡೆ ಹೇಳುವ ಬುದ್ಧಿಮಾತು ಒಂದೇ: ಗುಂಪಾಗಿ ಹೋಗಿ, ಜೋರಾಗಿ ಮಾತಾಡಿ, ಚಪ್ಪಾಳೆ ತಟ್ಟಿ, ನೀವು ಬರುತ್ತಿರುವುದು ಅದಕ್ಕೆ ಮೊದಲೇ ತಿಳಿಯಲಿ. ಬೇಟೆಗಾರನಾದರೋ ಒಬ್ಬಂಟಿಯಾಗಿ ಹೋಗುತ್ತಾನೆ, ತರಗೆಲೆ ಸದ್ದಾಗದಂತೆ ಕಾಲಿಡುತ್ತಾನೆ, ತನ್ನ ವಾಸನೆ ಮುಂದಕ್ಕೆ ಹೋಗದಿರಲೆಂದು ಗಾಳಿಗೆ ಎದುರಾಗಿ ನಡೆಯುತ್ತಾನೆ. ಹೊರಡುವುದು ಮುಂಜಾವಿನಲ್ಲಿ ಅಥವಾ ಮುಚ್ಚಂಜೆಯಲ್ಲಿ, ಅಂದರೆ ಜಿಂಕೆಯ ಜೊತೆಗೆ ಜಿಂಕೆಯನ್ನು ತಿನ್ನುವವೂ ಎದ್ದು ಓಡಾಡುವ ಹೊತ್ತಿನಲ್ಲಿ. ಬಿಲ್ಲಿನಿಂದ ಬೇಟೆಯಾಡುವವನು ಸೊಪ್ಪಿನ ಬಣ್ಣದ ಬಟ್ಟೆ ತೊಟ್ಟು, ಉತ್ತರ ಅಮೆರಿಕದ ಕಾಡುಗಳಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಕೂಗನ್ನು ಪೀಪಿಯಲ್ಲಿ ಊದುತ್ತ ಪೊದೆಯೊಳಗೆ ಕುಳಿತಿರುತ್ತಾನೆ. ಆ ಕೂಗನ್ನು ಕೇಳಿ ಗ್ರಿಜ್ಲಿ ಕರಡಿಯೊಂದು ‘ಊಟ ಇಲ್ಲಿದೆ’ ಎಂದು ಬಂದರೆ, ಅದು ಮೋಸಹೋಯಿತು ಎನ್ನಬೇಕೇ ಹೊರತು ದಾಳಿ ಮಾಡಿತು ಎನ್ನುವುದು ಹೇಗೆ? ಕಸುಬಿನಲ್ಲಿ ಪಳಗಿದಷ್ಟೂ ಅವನು ಮಿಕದಂತಾಗುತ್ತಾನೆ. ನಾನು ಬರೆದ ಟಿಪ್ಪಣಿಯ ಅರ್ಥ ಇಷ್ಟೇ ಆಗಿತ್ತು.

(ಇಲ್ಲೊಂದು ಸಣ್ಣ ಸೋಜಿಗವಿದೆ. ಬಂದೂಕಿನ ಬೇಟೆಗಾರರು ಒಬ್ಬರ ಗುಂಡು ಇನ್ನೊಬ್ಬರಿಗೆ ತಗುಲದಿರಲೆಂದು ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿ ತೊಡುತ್ತಾರೆ. ಜಿಂಕೆಗಳ ಕಣ್ಣಿಗೆ ಕಿತ್ತಳೆಯೂ ಹಸಿರೂ ಬೇರೆಬೇರೆಯಾಗಿ ಕಾಣದ ಕಾರಣ ಬೇಟೆ ಕೆಡುವುದಿಲ್ಲ. ಹುಲಿಯ ಮೈಬಣ್ಣ ಹುಲ್ಲಿನಲ್ಲಿ ಕರಗುವುದೂ ಇದೇ ಕಾರಣದಿಂದ. ಇಬ್ಬರೂ ಒಂದೇ ದರ್ಜಿಯ ಬಳಿ ಬಟ್ಟೆ ಹೊಲಿಸಿದಂತಿದೆ.)

ಮಿಕ ಬಿದ್ದ ಮೇಲಿನ ಅರ್ಧ ಗಂಟೆ ಇನ್ನೂ ಅಪಾಯದ್ದು. ನೆತ್ತರಿನ ವಾಸನೆ ಹರಡಿರುತ್ತದೆ, ಬೇಟೆಗಾರ ಬಗ್ಗಿ ಕರುಳು ತೆಗೆಯುತ್ತಿರುತ್ತಾನೆ, ಕೈ ಒದ್ದೆ, ಗಮನವೆಲ್ಲ ಚೂರಿಯ ಮೇಲೆ, ಕೋವಿ ಮರಕ್ಕೆ ಒರಗಿರುತ್ತದೆ. ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನದಲ್ಲಿ ಬೇಟೆಗೆ ಅವಕಾಶವಿಲ್ಲ, ಅದರ ಗಡಿಯಾಚೆ ಇದೆ. ಬೇಟೆಗಾರರು ಬಿಟ್ಟುಹೋಗುವ ಕರುಳಿನ ರಾಶಿಗಾಗಿ ಎಲ್ಕ್ ಬೇಟೆಯ ಕಾಲದಲ್ಲಿ ಗ್ರಿಜ್ಲಿಗಳು ಗಡಿ ದಾಟಿ ಹೊರಬರುವುದನ್ನು ಸಂಶೋಧಕರು ಗುರುತಿಸಿದ್ದಾರೆ. ಒಬ್ಬರು ಕೊಯ್ಯುವಾಗ ಇನ್ನೊಬ್ಬರು ಕಾವಲು ನಿಲ್ಲಿ, ಮಾಂಸವನ್ನು ಬೇಗ ಸಾಗಿಸಿ, ಕರಡಿ ಬಂದು ಮಿಕದ ಮೇಲೆ ಕುಳಿತರೆ ಅದಕ್ಕೇ ಬಿಟ್ಟು ಬನ್ನಿ ಎಂಬ ಸಲಹೆ ಹುಟ್ಟಿದ್ದು ಹೀಗೆ. ಕೊನೆಯ ಮಾತನ್ನು ಪಾಲಿಸುವುದು ಎದೆಗಾರರಿಗೆ ಬಹಳ ಕಷ್ಟ.

ಈಗ ಕೋವಿಯ ಮಾತು. ಕೋವಿ ಕೆಲಸಕ್ಕೆ ಬಾರದು ಎಂದು ನಾನು ಹೇಳುವುದಿಲ್ಲ. ಅದರಿಂದ ಬದುಕಿದವರಿದ್ದಾರೆ, ಅವರಲ್ಲಿ ಕೆಲವರು ಈ ಪತ್ರಿಕೆಗೂ ಬರೆದಿದ್ದಾರೆ. ಆದರೆ ಕರಡಿಗಳ ಸಂಶೋಧಕರಾದ ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮತ್ತು ಅವರ ಸಂಗಡಿಗರು ಅಲಾಸ್ಕದಲ್ಲಿ 1883ರಿಂದ 2009ರವರೆಗೆ ಕರಡಿಯ ಮುಂದೆ ಬಂದೂಕು ಕೈಯಲ್ಲಿದ್ದ 269 ಪ್ರಸಂಗಗಳನ್ನು ಕಲೆಹಾಕಿ 2012ರಲ್ಲಿ ಪ್ರಕಟಿಸಿದಾಗ, ಗುಂಡು ಹಾರಿಸಿದವರಿಗೂ ಹಾರಿಸದವರಿಗೂ ಗಾಯದ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದೇ ಸಂಶೋಧಕರು 2008ರಲ್ಲಿ, ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಖಾರದ ಸಿಂಪಡಿಕೆಯ ಡಬ್ಬಿಯನ್ನು ಬಳಸಿದ ಕಡೆ ಕಂದು ಕರಡಿಗಳಲ್ಲಿ (ಗ್ರಿಜ್ಲಿಯೂ ಇದೇ ಜಾತಿ) ನೂರಕ್ಕೆ 92ರಷ್ಟು ಸಲ ಅದು ಫಲಕೊಟ್ಟದ್ದನ್ನು ತೋರಿಸಿದ್ದರು. ಎರಡೂ ಪಟ್ಟಿಗಳ ಪ್ರಸಂಗಗಳು ಒಂದೇ ತೆರನಾದವಲ್ಲ, ಆದ್ದರಿಂದ ಅವುಗಳನ್ನು ತಕ್ಕಡಿಯಲ್ಲಿಟ್ಟು ತೂಗಬಾರದು ಎಂಬ ಆಕ್ಷೇಪವಿದೆ, ಅದರಲ್ಲಿ ಹುರುಳೂ ಇದೆ. ಎದುರುಗಾಳಿಯಲ್ಲಿ ಸಿಂಪಡಿಸಿದರೆ ಖಾರ ನಮ್ಮ ಕಣ್ಣಿಗೇ ಬರುತ್ತದೆ ಎಂಬುದೂ ನಿಜ. ಆದರೂ ಗಂಟೆಗೆ ಸುಮಾರು 55 ಕಿಲೋಮೀಟರ್ ವೇಗದಲ್ಲಿ ಓಡಬಲ್ಲ ಕರಡಿ ಮೂವತ್ತು ಮೀಟರ್ ದಾಟಲು ಎರಡು ಸೆಕೆಂಡು ಸಾಕು. ಅಷ್ಟರೊಳಗೆ ಭುಜದ ಕೋವಿ ಇಳಿಸಿ, ಗುರಿಹಿಡಿದು, ಓಡಿಬರುವ ತಲೆಬುರುಡೆಗೆ ಗುಂಡಿಡುವುದು ಕಥೆಗಳಲ್ಲಿ ಬಹಳ ಸುಲಭ.

ಗುಂಡು ಅರೆಬರೆ ತಗುಲಿದರೆ ಏನಾಗುತ್ತದೆ? ಆಫ್ರಿಕವನ್ನು ಸುತ್ತಿದ ಸ್ಕಾಟ್ಲೆಂಡಿನ ಪಾದ್ರಿ ಡೇವಿಡ್ ಲಿವಿಂಗ್‌ಸ್ಟನ್ 1844ರಲ್ಲಿ ಆಫ್ರಿಕದ ಮಬೋಟ್ಸದಲ್ಲಿ ಸಿಂಹವೊಂದಕ್ಕೆ ಎರಡೂ ನಳಿಗೆಗಳ ಗುಂಡು ಹಾರಿಸಿ, ಮತ್ತೆ ಮದ್ದು ತುಂಬುತ್ತಿದ್ದಾಗ ಅದು ಅವರ ಭುಜ ಹಿಡಿಯಿತು. ಆ ಹೊತ್ತಿನಲ್ಲಿ ನೋವಾಗಲಿ ಭಯವಾಗಲಿ ಇಲ್ಲದ ಕನಸಿನಂಥ ಮಂಪರು ಕವಿಯಿತೆಂದು ಅವರು ಬರೆದಿದ್ದಾರೆ. ಅವರ ಮೇಲಿಂದ ಎದ್ದ ಸಿಂಹ ಇನ್ನಿಬ್ಬರನ್ನು ಕಚ್ಚಿ, ಮೊದಲೇ ತಿಂದಿದ್ದ ಗುಂಡಿನಿಂದ ಸತ್ತುಬಿತ್ತು. ಸರಿಯಾಗಿ ಕೂಡದ ಆ ಎಡತೋಳಿನ ಮೂಳೆಯಿಂದಲೇ ಮೂವತ್ತು ವರ್ಷಗಳ ಬಳಿಕ, 1874ರಲ್ಲಿ, ಲಂಡನ್ನಿಗೆ ಬಂದ ಅವರ ಶವವನ್ನು ಗುರುತಿಸಿದರು. ವಸ್ತುಸಂಗ್ರಹಾಲಯಗಳಿಗೆ ಸತ್ತ ಪ್ರಾಣಿಗಳನ್ನು ಜೀವಂತವೆಂಬಂತೆ ಸಿದ್ಧಪಡಿಸುತ್ತಿದ್ದ ಅಮೆರಿಕದ ಕಾರ್ಲ್ ಏಕ್ಲಿ 1896ರಲ್ಲಿ ಸೊಮಾಲಿಲ್ಯಾಂಡಿನಲ್ಲಿ ಮುಸ್ಸಂಜೆಯ ಮಬ್ಬಿನಲ್ಲಿ ಪೊದೆಯ ಸದ್ದಿಗೆ ಗುಂಡು ಹೊಡೆದರು. ಒಳಗಿದ್ದದ್ದು ಚಿರತೆ. ಅದು ಮೈಮೇಲೆ ಬಿದ್ದಾಗ ತೋಳನ್ನೇ ಅದರ ಗಂಟಲಿಗೆ ತುರುಕಿ, ಮೊಣಕಾಲಿನಿಂದ ಎದೆಗೂಡು ಒತ್ತಿ ಬರಿಗೈಯಲ್ಲಿ ಕೊಂದರು. ಸತ್ತ ಚಿರತೆಯ ಪಕ್ಕದಲ್ಲಿ ಬ್ಯಾಂಡೇಜು ಸುತ್ತಿದ ಕೈಗಳೊಂದಿಗೆ ಅವರು ನಿಂತ ಚಿತ್ರ ಲೋಕಪ್ರಸಿದ್ಧ. ಅದೇ ಏಕ್ಲಿ ಮುಂದೆ ಬೆಲ್ಜಿಯಮ್ಮಿನ ದೊರೆಯ ಮನವೊಲಿಸಿ ಗೊರಿಲ್ಲಾಗಳಿಗಾಗಿ 1925ರಲ್ಲಿ ಕಾಂಗೋದಲ್ಲಿ ಉದ್ಯಾನ ಮಾಡಿಸಿದ ಸಂಗತಿ ಆ ಚಿತ್ರದ ಅಡಿಯಲ್ಲಿ ಅಚ್ಚಾಗುವುದು ಅಪರೂಪ.

ನಿಮಗೆ ನಾನು ಓದಿ ಹೇಳಬೇಕೆಂದಿರುವ ಬೇಟೆಗಾರ ಬೇರೆಯೇ. ಜಿಮ್ ಕಾರ್ಬೆಟ್ 1930ರಲ್ಲಿ ಚೌಗಢದ ನರಭಕ್ಷಕ ಹೆಣ್ಣುಹುಲಿಯನ್ನು ಅರಸುತ್ತ ಹಳ್ಳವೊಂದರಲ್ಲಿ ಇಳಿಯುವಾಗ ಎಡಗೈಯಲ್ಲಿ ನತ್ತಿಂಗ ಹಕ್ಕಿಯ ಎರಡು ಮೊಟ್ಟೆಗಳನ್ನು ಹಿಡಿದಿದ್ದರು. ಅವರಿಗೆ ಮೊಟ್ಟೆ ಸಂಗ್ರಹಿಸುವ ಹವ್ಯಾಸ. ಬಂಡೆಯೊಂದನ್ನು ಬಳಸಿ ಹಿಂತಿರುಗಿ ನೋಡಿದರೆ ಎಂಟು ಅಡಿ ದೂರದಲ್ಲಿ ಹುಲಿ ಮಲಗಿ ಅವರ ಮುಖವನ್ನೇ ನೋಡುತ್ತಿತ್ತು. ಬಲಗೈಯೊಂದರಲ್ಲೇ ಕೋವಿಯನ್ನು ಕೂದಲೆಳೆಯಷ್ಟು ನಿಧಾನವಾಗಿ ತಿರುಗಿಸಿ ಸುಟ್ಟರು. ಆಮೇಲೆ ಅವರು ತಮ್ಮ ಎದೆಗಾರಿಕೆಯನ್ನು ಹೊಗಳಿಕೊಳ್ಳಲಿಲ್ಲ. ಕೈಯಲ್ಲಿ ಮೊಟ್ಟೆಗಳಿದ್ದದ್ದೇ ಒಳ್ಳೆಯದಾಯಿತು, ಇಲ್ಲದಿದ್ದರೆ ಗಾಬರಿಯಲ್ಲಿ ಥಟ್ಟನೆ ತಿರುಗುತ್ತಿದ್ದೆ, ಹುಲಿ ಹಾರುತ್ತಿತ್ತು ಎಂದರು. ಹಿಂದಿರುಗುವಾಗ ಮೊಟ್ಟೆಗಳನ್ನು ಅವುಗಳ ಜಾಗದಲ್ಲೇ ಇಟ್ಟುಬಂದರು. 436 ಜನರನ್ನು ಕೊಂದಿತೆಂದು ಲೆಕ್ಕವಿದ್ದ ಚಂಪಾವತದ ಹೆಣ್ಣುಹುಲಿಯನ್ನು 1907ರಲ್ಲಿ ಕೊಂದಾಗಲೂ ಅವರು ಮೊದಲು ನೋಡಿದ್ದು ಅದರ ಬಾಯನ್ನು. ಬಲಗಡೆಯ ಕೋರೆಹಲ್ಲುಗಳು ಹಳೆಯ ಗುಂಡೇಟಿನಿಂದ ಮುರಿದಿದ್ದವು. ಯಾವನೋ ಬೇಟೆಗಾರ ಆ ಗುಂಡು ಹೊಡೆದು, ಬಹುಶಃ ಮನೆಗೆ ಹೋಗಿ ತನ್ನ ಗುರಿಯನ್ನು ವರ್ಣಿಸಿದ್ದ.

ಈ ಕಥೆಗಳನ್ನು ಬದುಕಿ ಬಂದವನೇ ಹೇಳುತ್ತಾನೆ ಎಂಬುದೇ ಎಲ್ಲ ತೊಡಕಿನ ಮೂಲ. ನಮ್ಮ ಹಿಂದಿನವರು ಈ ವಿಷಯದಲ್ಲಿ ನಮಗಿಂತ ನ್ಯಾಯವಂತರು. ಹುಲಿಯೊಡನೆ ಹೋರಾಡಿ ಸತ್ತವನಿಗೆ ಅವರು ವೀರಗಲ್ಲು ನಿಲ್ಲಿಸಿದರು, ಕಲ್ಲಿನಲ್ಲಿ ಹುಲಿಗೂ ಆಳಿನಷ್ಟೇ ಜಾಗ ಕೊಟ್ಟರು. ಈಗ ನನ್ನ ಮೇಜಿಗೆ ಬರುವ ಬರಹಗಳಲ್ಲಿ ಕರಡಿ ತನ್ನ ಮರಿಗಳ ಮುಂದೆ ನಿಂತರೂ ‘ರಕ್ತದಾಹಿ’, ಚಿರತೆ ಪೊದೆಯಿಂದ ಎದ್ದು ಓಡಿದರೂ ‘ದಾಳಿಗೆ ಯತ್ನ’. 1823ರಲ್ಲಿ ಹ್ಯೂ ಗ್ಲಾಸ್ ಎಂಬ ಬೇಟೆಗಾರ ಗ್ರಿಜ್ಲಿಯಿಂದ ಸೀಳಿಸಿಕೊಂಡು, ಜೊತೆಗಾರರು ಬಿಟ್ಟುಹೋದ ಮೇಲೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ತೆವಳಿ, ಕುಂಟಿ ಬದುಕಿದ ಕಥೆಯನ್ನು ನೀವು ಕೇಳಿರಬಹುದು. ಆ ಕರಡಿಯ ಜೊತೆ ಎರಡು ಮರಿಗಳಿದ್ದವೆಂಬುದನ್ನು ಎಷ್ಟು ಜನ ನೆನಪಿಟ್ಟಿದ್ದಾರೆ? ಚಿತ್ರಕಾರರದ್ದಂತೂ ಬೇರೆಯೇ ಗೋಳು. ಯಾವ ಕಥೆ ಕೊಟ್ಟರೂ ಬಾಯಿ ತೆರೆದ ಹುಲಿಯನ್ನೇ ಬರೆದು ತರುತ್ತಾರೆ. ಮುಚ್ಚಿದ ಬಾಯಿಯ ಹುಲಿಗೆ ಪತ್ರಿಕೆ ಮಾರಾಟವಾಗುವುದಿಲ್ಲವೆಂದು ವಿತರಣೆಯವರು ನನಗೇ ಪಾಠ ಹೇಳುತ್ತಾರೆ.

ನಿಮ್ಮ ತಾತನ ಕಥೆಯನ್ನು ಪ್ರಕಟಿಸಲು ನನಗೆ ನಿಜಕ್ಕೂ ಆಸೆಯಿದೆ, ಇದು ವ್ಯಂಗ್ಯವಲ್ಲ. ಅವರೊಡನೆ ಹೋಗಿದ್ದವರು ಯಾರಾದರೂ ಇನ್ನೂ ಇದ್ದರೆ ಕೇಳಿ ಬರೆಯಿರಿ: ಅಂದು ಗಾಳಿ ಎತ್ತಣಿಂದ ಬೀಸುತ್ತಿತ್ತು, ಹುಲಿ ನಿಂತಲ್ಲಿ ಹತ್ತಿರದಲ್ಲೇ ಅದು ಕೊಂದಿಟ್ಟ ಪ್ರಾಣಿಯೇನಾದರೂ ಇತ್ತೇ, ಮರಿಗಳ ಸದ್ದು ಕೇಳಿತ್ತೇ, ಅದು ಹೋಗುವಾಗ ಓಡಿತೋ ನಡೆದುಕೊಂಡು ಹೋಯಿತೋ. ಎರಡು ಪುಟ ತೆಗೆದಿಟ್ಟಿದ್ದೇನೆ. ಬಾಯಿ ಮುಚ್ಚಿದ ಹುಲಿಯೊಂದನ್ನು ಬರೆಯಲು ಚಿತ್ರಕಾರರಿಗೂ ಹೇಳಿದ್ದೇನೆ. ಅವರು ಮೂರು ದಿನದಿಂದ ಅಳಿಸಿ ಅಳಿಸಿ ಬರೆಯುತ್ತಿದ್ದಾರೆ.