ಸಲೂನೂ ಅವರದ್ದೇ, ಕತ್ತರಿ ಹಿಡಿದವರೂ ಅವರೇ: ಟಿಪ್ ಕೊಡಬೇಕಾ?

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ? ಅಮೆರಿಕಕ್ಕೆ ಹೊಸದಾಗಿ ಬಂದಿದ್ದೀರಿ. ಮನೆ ಹತ್ತಿರದ ಸಣ್ಣ ಸಲೂನಿಗೆ ಹೋಗುತ್ತೀರಿ, ಪ್ರತಿ ಸಲ 20 ಪರ್ಸೆಂಟ್ ಟಿಪ್ ಕೊಡುತ್ತಾ ಬಂದಿದ್ದೀರಿ. ಈಗ ನೋಡಿದರೆ ನಿಮ್ಮ ಕೂದಲು ಕತ್ತರಿಸುವ ಹೆಂಗಸೇ ಅದರ ಮಾಲೀಕರು. ಆಫೀಸಿನಲ್ಲಿ ಯಾರೋ "ಓನರ್‌ಗೆ ಟಿಪ್ ಕೊಡಬಾರದು, ಅದು ಅವಮಾನ" ಅಂದಿದ್ದಾರೆ. ಮುಂದುವರಿಸಬೇಕಾ, ನಿಲ್ಲಿಸಬೇಕಾ?

ನಿಲ್ಲಿಸಬೇಡಿ. ಕೊಡಲೇಬೇಕು ಅಂತ ಕಟ್ಟುಪಾಡಿಲ್ಲ, ನಿಜ. ಆದರೆ ಇಷ್ಟು ದಿನ ಕೊಟ್ಟು ಇದ್ದಕ್ಕಿದ್ದಂತೆ ಬಿಟ್ಟರೆ, ನಿಮ್ಮ ಆಫೀಸಿನವರು ಹೇಳಿದ ನಿಯಮ ಆಕೆಗೆ ಹೊಳೆಯುವುದಿಲ್ಲ. ಹೋದ ಸಲದ ಕಟಿಂಗ್ ಇವರಿಗೆ ಇಷ್ಟವಾಗಲಿಲ್ಲ ಅಂತಲೇ ಅಂದುಕೊಳ್ಳುತ್ತಾರೆ. ನಿಲ್ಲಿಸುವುದಾದರೆ ಮೊದಲನೇ ಸಲವೇ ಯೋಚಿಸಬೇಕಿತ್ತು. ಈಗ ತಡವಾಯಿತು.

ನಿಮ್ಮ ಸಹೋದ್ಯೋಗಿ ಸುಮ್ನೆ ಹೇಳಿದ್ದೇನೂ ಅಲ್ಲ. ಅಂಥದ್ದೊಂದು ಹಳೇ ನಿಯಮ ಇಲ್ಲಿ ನಿಜವಾಗಿಯೂ ಇದೆ. ಅದಕ್ಕೆ ಎರಡು ಕಾರಣಗಳು. ಒಂದು, ದುಡ್ಡಿನ ಲೆಕ್ಕ. ಟಿಪ್ ಸಿಗುವ ಕೆಲಸಗಾರರಿಗೆ ಮಾಲೀಕರು ಕೊಡಬೇಕಾದ ಕೇಂದ್ರ ಸರ್ಕಾರದ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್. 1991ರಿಂದ ಅದು ಅಲ್ಲೇ ನಿಂತಿದೆ. ಉಳಿದವರಿಗೆ 2009ರಿಂದ 7.25 ಡಾಲರ್. ನಡುವಿನ ಅಂತರವನ್ನು ಗ್ರಾಹಕರ ಟಿಪ್ ತುಂಬಬೇಕು, ತುಂಬದಿದ್ದರೆ ಮಾಲೀಕರು ತುಂಬಬೇಕು. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಒರೆಗಾನ್‌ನಂಥ ರಾಜ್ಯಗಳಲ್ಲಿ ಈ ರಿಯಾಯಿತಿ ಇಲ್ಲ, ಅಲ್ಲಿ ಪೂರ್ತಿ ಕೂಲಿಯನ್ನೇ ಕೊಡಬೇಕು. ಅಂದರೆ ಟಿಪ್ ಅನ್ನೋದು ಕಡಿಮೆ ಸಂಬಳದವರ ಸಂಬಳದ ಒಂದು ಭಾಗ. ಮಾಲೀಕರಿಗೆ ಅದು ಏಕೆ? ಬೆಲೆ ಅವರೇ ಇಡುತ್ತಾರೆ, ಲಾಭವೂ ಅವರದ್ದೇ.

ಎರಡನೆಯದು ಮರ್ಯಾದೆಯ ವಿಷಯ. ಟಿಪ್ ಅಂದರೆ ಮೇಲಿನವರು ಕೆಳಗಿನವರಿಗೆ ಕೊಡುವ ಕಾಸು ಅಂತ ಅಮೆರಿಕದವರು ಒಂದು ಕಾಲಕ್ಕೆ ಅದನ್ನೇ ಬೈಯುತ್ತಿದ್ದರು. 1909ರಲ್ಲಿ ವಾಷಿಂಗ್ಟನ್ ರಾಜ್ಯ ಟಿಪ್ ವಿರುದ್ಧ ಕಾನೂನನ್ನೇ ಮಾಡಿತು, ಇನ್ನೂ ಕೆಲವು ರಾಜ್ಯಗಳು ಹಿಂಬಾಲಿಸಿದವು. 1926ರ ಹೊತ್ತಿಗೆ ಎಲ್ಲ ಕಡೆಯೂ ಅವನ್ನು ಕೈಬಿಟ್ಟಾಗಿತ್ತು. ಟಿಪ್ ಉಳಿದುಕೊಂಡಿತು, ಆ ಮೇಲು-ಕೀಳಿನ ಮುಜುಗರವೂ ಒಂದಿಷ್ಟು ಉಳಿದುಕೊಂಡಿತು. ಸ್ವಂತ ವ್ಯಾಪಾರ ನಡೆಸುವವರ ಕೈಗೆ ಚಿಲ್ಲರೆ ತುರುಕಿದರೆ ಅವರನ್ನು ಆಳಿನ ಹಾಗೆ ಕಂಡಂತೆ ಅನ್ನೋದು ಆ ಮುಜುಗರವೇ.

ಆದರೆ ಆ ನಿಯಮ ಹುಟ್ಟಿದಾಗ 'ಮಾಲೀಕರು' ಅಂದರೆ ಹತ್ತು ಕುರ್ಚಿಯ ಸಲೂನು ನಡೆಸುತ್ತಾ, ಆಗಾಗ ಒಬ್ಬಿಬ್ಬರು ಹಳೇ ಗಿರಾಕಿಗಳಿಗೆ ತಾವೇ ಕಟಿಂಗ್ ಮಾಡುವವರು. ಈಗ ಎಷ್ಟೋ ಜನ ಮಾಲೀಕರು ಒಂದೇ ಕೋಣೆ, ಒಂದೇ ಕುರ್ಚಿ, ಒಂದೇ ಜೊತೆ ಕೈಯವರು. ಇನ್ನು ಕೆಲವರು ಬೇರೆಯವರ ಸಲೂನಿನಲ್ಲಿ ಕುರ್ಚಿಯನ್ನು ವಾರಕ್ಕಿಷ್ಟು ಅಂತ ಬಾಡಿಗೆಗೆ ಹಿಡಿದಿರುತ್ತಾರೆ. ಕಾಗದದ ಮೇಲೆ ಇವರೂ ಸ್ವಂತ ವ್ಯಾಪಾರದವರೇ. ಬಾಡಿಗೆ, ವಿಮೆ, ಲೈಸೆನ್ಸ್, ಬಣ್ಣ, ಶಾಂಪೂ ಎಲ್ಲ ಇವರ ಜೇಬಿನಿಂದ. ಕಾರ್ಡ್ ಉಜ್ಜಿದರೆ ಅದರ ಕಮಿಷನ್ನೂ ಇವರದ್ದೇ. ರಜೆ ಹಾಕಿದ ದಿನ ಆದಾಯ ಸೊನ್ನೆ. ಸೋಶಿಯಲ್ ಸೆಕ್ಯೂರಿಟಿ (ಸರ್ಕಾರಿ ಪಿಂಚಣಿ), ಮೆಡಿಕೇರ್ (ವಯಸ್ಸಾದವರ ಆರೋಗ್ಯ ವಿಮೆ) ತೆರಿಗೆಯಲ್ಲಿ ನಮ್ಮಂಥ ಸಂಬಳದವರಿಗೆ 7.65 ಪರ್ಸೆಂಟ್ ಕಡಿತವಾಗುತ್ತದೆ, ಅಷ್ಟನ್ನೇ ಕಂಪನಿ ಕಟ್ಟುತ್ತದೆ. ಇವರಿಗೆ ಕಂಪನಿ ಇಲ್ಲ, ಹಾಗಾಗಿ ಎರಡೂ ಪಾಲು ಸೇರಿ 15.3 ಪರ್ಸೆಂಟ್ ಇವರ ಮೇಲೇ. ಸಂಬಳಕ್ಕೆ ಕೆಲಸ ಮಾಡುವ ಹೇರ್ ಸ್ಟೈಲಿಸ್ಟ್‌ಗೆ ಟಿಪ್ ಕೊಟ್ಟು, ಇವರಿಗೆ ಮಾತ್ರ 'ನೀವು ಸಾಹುಕಾರರು' ಅಂತ ಕೈ ಬೀಸಿ ಬರುವುದು ನನಗಂತೂ ಸರಿ ಕಾಣುವುದಿಲ್ಲ.

ಇನ್ನೊಂದು ಮಾತು. ಈ ನಿಯಮವನ್ನು ಎಲ್ಲ ಕಡೆ ಪಾಲಿಸುವವರನ್ನು ನಾನು ನೋಡಿಲ್ಲ. ಟ್ಯಾಕ್ಸಿ ಇಳಿಯುವಾಗ "ಈ ಕಾರು ನಿಮ್ಮದೇನಾ?" ಅಂತ ಯಾರಾದರೂ ಕೇಳಿ ಟಿಪ್ ಕೊಡುತ್ತಾರಾ? ಊಬರ್ ಓಡಿಸುವವರಲ್ಲಿ ಬಹಳಷ್ಟು ಜನರ ಕಾರು ಸ್ವಂತದ್ದು, ಪೆಟ್ರೋಲು ಅವರದ್ದು. ಟ್ಯಾಟೂ ಹಾಕುವವರು, ಮನೆ ಕ್ಲೀನ್ ಮಾಡಲು ಒಬ್ಬರೇ ಬರುವವರು, ನಾಯಿಗೆ ಸ್ನಾನ ಮಾಡಿಸಿ ಉಗುರು ಕತ್ತರಿಸುವವರು, ಹೀಗೆ ಎಷ್ಟೋ ಜನ ತಮಗೆ ತಾವೇ ಮಾಲೀಕರು. ಅವರಿಗೆಲ್ಲ ಕೊಡುತ್ತೇವೆ. ಕಟಿಂಗ್ ಕುರ್ಚಿಯಲ್ಲಿ ಕೂತಾಗ ಮಾತ್ರ ಈ ಶಾಸ್ತ್ರ ನೆನಪಾಗುತ್ತದೆ.

ಟಿಪ್ ಬೇಡ ಅನ್ನುವವರ ಕೈಯಲ್ಲಿ ಗಟ್ಟಿಯಾದ ವಾದ ಒಂದಿದೆ: ಬೇಕಾದರೆ ರೇಟೇ ಜಾಸ್ತಿ ಮಾಡಿಕೊಳ್ಳಲಿ. ಇದನ್ನು ನಾನು ತಳ್ಳಿಹಾಕುವುದಿಲ್ಲ. ನನ್ನ ಸ್ಟೈಲಿಸ್ಟ್ ಹಾಗೇ ಮಾಡಿದರು. ಸ್ವಂತ ಕೋಣೆ ಹಿಡಿದ ಮೇಲೆ ರೇಟ್ ಏರಿಸಿ, ಬುಕಿಂಗ್ ಪುಟದಲ್ಲಿ 'ಟಿಪ್ ಬೇಡ' ಅಂತ ಬರೆದುಬಿಟ್ಟರು. ಅಂದಿನಿಂದ ನಾನು ಕೊಡುತ್ತಿಲ್ಲ, ಇಬ್ಬರಿಗೂ ನಿರಾಳ. ಎಲ್ಲರಿಗೂ ಆ ಧೈರ್ಯ ಬರುವುದಿಲ್ಲ. ಪಕ್ಕದ ಸಲೂನಿನ ಬೋರ್ಡಿನಲ್ಲಿ 40 ಡಾಲರ್ ಇದ್ದು, ಇವರ ಬೋರ್ಡಿನಲ್ಲಿ 48 ಇದ್ದರೆ ಹೊಸ ಗಿರಾಕಿ ಪಕ್ಕಕ್ಕೇ ಹೋಗುತ್ತಾರೆ. ಅಲ್ಲಿ 40ರ ಮೇಲೆ 8 ಟಿಪ್ ಕೊಟ್ಟು ಅಷ್ಟೇ ದುಡ್ಡು ಖರ್ಚು ಮಾಡುತ್ತಾರೆ, ಆ ಮಾತು ಬೇರೆ.

ಹಾಗಾಗಿ ನಾನು ನೋಡುವುದು ಬೋರ್ಡಿನ ಮೇಲೆ ಯಾರ ಹೆಸರಿದೆ ಅಂತಲ್ಲ. ಒಂಟಿಯಾಗಿ ದುಡಿಯುವವರು, ರೇಟು ಊರಿನ ಉಳಿದ ಕಡೆಯಷ್ಟೇ ಇದೆ ಅಂದರೆ, ಬೇರೆಯವರಿಗೆ ಎಷ್ಟೋ ಇವರಿಗೂ ಅಷ್ಟೇ ಕೊಡುತ್ತೇನೆ. ದೊಡ್ಡ ಸಲೂನು, ಕೈಕೆಳಗೆ ಏಳೆಂಟು ಜನ, ಮಾಲೀಕರ ಕಟಿಂಗ್‌ಗೆ ಉಳಿದವರಿಗಿಂತ ಎರಡು ಪಟ್ಟು ರೇಟು ಅಂತಿದ್ದರೆ ಕೊಡದೆ ಬಂದರೂ ತಪ್ಪಿಲ್ಲ. ಆದರೆ ಅಂಥ ಕಡೆ ತಲೆ ತೊಳೆದವರು ಬೇರೆ ಹುಡುಗಿ ಆಗಿರುತ್ತಾರೆ. ಆಕೆಗೆ ಮೂರೋ ಐದೋ ಡಾಲರ್ ಕೈಯಲ್ಲೇ ಕೊಡಿ. ಓನರ್‌ಗೆ ಟಿಪ್ ಇಲ್ಲ ಅನ್ನುವ ಭರದಲ್ಲಿ ಜನ ಮರೆಯುವುದು ಇವರನ್ನೇ.

ಹೋಟೆಲಿನಲ್ಲಿ ಮಾಲೀಕರೇ ಬಂದು ಬಡಿಸಿದರೆ? ಅಲ್ಲಿ ಇಷ್ಟೆಲ್ಲ ಯೋಚಿಸಬೇಡಿ, ಎಂದಿನಂತೆ ಬಿಲ್ಲಿನ ಮೇಲೆ ಕೊಟ್ಟುಬಿಡಿ. ಅಡುಗೆಮನೆಯವರು, ಟೇಬಲ್ ಒರೆಸುವವರು, ನೀರು ತಂದಿಟ್ಟವರು ಇದ್ದೇ ಇರುತ್ತಾರೆ. 2018ರಲ್ಲಿ ಬಂದ ಕಾನೂನಿನ ಪ್ರಕಾರ ಕೆಲಸಗಾರರಿಗೆ ಬಂದ ಟಿಪ್‌ನಲ್ಲಿ ಮಾಲೀಕರಾಗಲಿ ಮ್ಯಾನೇಜರ್ ಆಗಲಿ ಪಾಲು ತೆಗೆದುಕೊಳ್ಳುವಂತಿಲ್ಲ. ವ್ಯಾಪಾರದಲ್ಲಿ ಕನಿಷ್ಠ 20 ಪರ್ಸೆಂಟ್ ಪಾಲಿದ್ದು, ಅದರ ಆಡಳಿತವನ್ನೂ ನೋಡಿಕೊಳ್ಳುವವರು ಈ ಲೆಕ್ಕದಲ್ಲಿ ಮ್ಯಾನೇಜರೇ. ಆದರೆ ನಿಮಗೆ ಅವರೊಬ್ಬರೇ ಸೇವೆ ಮಾಡಿ, ನೀವು ಅವರ ಕೈಗೇ ಕೊಟ್ಟರೆ ಆ ಟಿಪ್ ಅವರು ಇಟ್ಟುಕೊಳ್ಳಬಹುದು. ಹಾಗಾಗಿ ಮಾಲೀಕರು ಟಿಪ್ ಮುಟ್ಟುವುದೇ ಕಾನೂನುಬಾಹಿರ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಪ್ಲಂಬರ್, ಎಲೆಕ್ಟ್ರಿಷಿಯನ್, ಕಾರ್ ಮೆಕ್ಯಾನಿಕ್, ದಂತವೈದ್ಯರು, ಇವರಿಗೆಲ್ಲ ಮಾಲೀಕರಾಗಲಿ ಆಗದಿರಲಿ ಟಿಪ್ ಕೊಡುವ ರೂಢಿಯೇ ಇಲ್ಲ. ಬಿಲ್ಲು ಕಟ್ಟಿ, ಥ್ಯಾಂಕ್ಸ್ ಹೇಳಿದರೆ ಮುಗಿಯಿತು.

ಇನ್ನೂ ಗೊಂದಲ ಇದ್ದರೆ ಕಾರ್ಡ್ ಉಜ್ಜುವ ಆ ಟ್ಯಾಬ್ಲೆಟ್ಟನ್ನು ನೋಡಿ. 18, 20, 25 ಪರ್ಸೆಂಟ್ ಅಂತ ಗುಂಡಿಗಳು ಬಂದವಾ? ಆ ಪರದೆಯನ್ನು ಬೇಕಾದರೆ ಆಫ್ ಮಾಡಬಹುದು. ಒಬ್ಬರೇ ನಡೆಸುವ ಅಂಗಡಿಯಲ್ಲಿ ಅದು ಇನ್ನೂ ಆನ್ ಇದೆ ಅಂದರೆ, ಟಿಪ್ ಅವಮಾನ ಅಂತ ಆಕೆಗೆ ಅನಿಸಿಲ್ಲ ಅಂತಲೇ ಅರ್ಥ. ಪರದೆ ಬರದಿದ್ದರೆ "ನೀವು ಟಿಪ್ ತಗೋತೀರಾ?" ಅಂತ ನೇರವಾಗಿ ಕೇಳಿಬಿಡಿ. ಇಲ್ಲಿ ಅದು ಒರಟು ಪ್ರಶ್ನೆ ಅಲ್ಲ. ಬೇಡ ಅಂದರೆ ನೋಟು ವಾಪಸ್ ಜೇಬಿಗೆ ಹಾಕಿ. ಬೇಡ ಅಂದವರ ಕೈಗೆ ಒತ್ತಾಯ ಮಾಡಿ ತುರುಕುವ ಉಪಚಾರ ಇಲ್ಲಿ ನಡೆಯುವುದಿಲ್ಲ, ಎದುರಿನವರಿಗೆ ಇರುಸುಮುರುಸು ಆಗುತ್ತದೆ.

ಟಿಪ್ ಬೇಡ ಅನ್ನುವವರಿಗೆ ಬೇರೆ ರೀತಿಯಲ್ಲಿ ನೆರವಾಗಬಹುದು. ಗೂಗಲ್‌ನಲ್ಲಿ ನಾಲ್ಕು ಸಾಲು ಒಳ್ಳೆಯ ರಿವ್ಯೂ ಬರೆಯಿರಿ. ಪರಿಚಯದ ಇನ್ನೊಬ್ಬರನ್ನು ಕಳಿಸಿ. ಬುಕ್ ಮಾಡಿದ ಹೊತ್ತಿಗೆ ಸರಿಯಾಗಿ ಹೋಗಿ. ಕೊನೇ ಗಳಿಗೆಯಲ್ಲಿ ಕ್ಯಾನ್ಸಲ್ ಮಾಡಬೇಡಿ. ಒಂದೇ ಕುರ್ಚಿಯವರಿಗೆ ಖಾಲಿ ಹೋದ ಒಂದು ಗಂಟೆ ನಿಮ್ಮ ಎಷ್ಟೋ ಟಿಪ್‌ಗಳಿಗಿಂತ ದೊಡ್ಡ ನಷ್ಟ.

ಎಷ್ಟು ಕೊಡಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನೀವು ಕೊಡುತ್ತಿರುವ 20 ಪರ್ಸೆಂಟ್ ಸಾಕು, ತೆರಿಗೆ ಸೇರಿಸುವ ಮೊದಲಿನ ಮೊತ್ತದ ಮೇಲೆ ಲೆಕ್ಕ ಹಾಕಿ. ಕೈ ಬಿಗಿ ಇರುವ ತಿಂಗಳು 15 ಕೊಟ್ಟರೂ ನಡೆಯುತ್ತದೆ. ಡಿಸೆಂಬರ್‌ನಲ್ಲಿ ಒಂದು ಕಟಿಂಗ್‌ನ ಬೆಲೆಯಷ್ಟು ಹಣವನ್ನು ಹಬ್ಬದ ಶುಭಾಶಯದ ಕಾರ್ಡಿನೊಳಗೆ ಇಟ್ಟು ಕೊಡುವ ರೂಢಿ ಕೆಲವರಲ್ಲಿದೆ. ಅದು ಉಡುಗೊರೆಯ ಲೆಕ್ಕ. ವರ್ಷವಿಡೀ ಟಿಪ್ ಬೇಡ ಅಂದ ನನ್ನ ಸ್ಟೈಲಿಸ್ಟ್ ಕೂಡ ಅದನ್ನು ಮಾತ್ರ ತೆಗೆದುಕೊಳ್ಳುತ್ತಾರೆ.