ಕಥೆಯ ಪಾಠದಲ್ಲಿ ಪಾತ್ರಾಭಿನಯ: ಒಪ್ಪಿಸುವುದು ಬೇಡ, ಉತ್ತರಿಸಲಿ

ಪ್ರಶ್ನೆ: ಮದ್ದೂರು ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ 7ನೇ ತರಗತಿಗೆ ಕನ್ನಡ ಬೋಧಿಸುತ್ತೇನೆ. ಕಥೆಗಳನ್ನು ಮಕ್ಕಳಿಂದ ಅಭಿನಯ ಮಾಡಿಸಿದರೆ ತರಗತಿ ಕಳೆಗಟ್ಟುತ್ತದೆ. ಆದರೆ ಚುರುಕಾದ ನಾಲ್ಕೈದು ಮಕ್ಕಳೇ ಎಲ್ಲ ಪಾತ್ರಗಳನ್ನೂ ವಹಿಸುತ್ತಾರೆ. ಮರುದಿನ ಕೇಳಿದರೆ ನಡೆದ ಘಟನೆಯ ಹೊರತು ಯಾರೂ ಏನೂ ಹೇಳುವುದಿಲ್ಲ. ಇದನ್ನು ಮುಂದುವರಿಸಬೇಕೇ?

ಉತ್ತರ: ಮುಂದುವರಿಸಿ, ಆದರೆ ಸಂಭಾಷಣೆಯನ್ನು ಬಾಯಿಪಾಠ ಮಾಡಿ ಒಪ್ಪಿಸುವ ಕ್ರಮವನ್ನು ಕೈಬಿಡಿ. ಮೈಸೂರಿನ ರಂಗಾಯಣದ ಚಿಣ್ಣರ ಮೇಳದಂತಹ ಮಕ್ಕಳ ರಂಗಶಿಬಿರದಲ್ಲಿ ಪ್ರದರ್ಶನಕ್ಕೆ ಅದರದೇ ಸ್ಥಾನವಿದೆ. 40 ನಿಮಿಷದ ಪೀರಿಯಡ್‌ನಲ್ಲಿ ನಮಗೆ ಬೇಕಾದದ್ದು, ಕಥೆಗಾರ ಹೇಳದೆ ಬಿಟ್ಟದ್ದನ್ನು ಮಕ್ಕಳು ಊಹಿಸಿ, ಆ ಊಹೆಗೆ ಕಥೆಯೊಳಗೇ ಆಧಾರ ಹುಡುಕುವುದು.

ಸಾಲ ತೀರಿಸಲು ಅಪ್ಪ ಎತ್ತನ್ನು ಸಂತೆಗೆ ಹೊಡೆದುಕೊಂಡು ಹೋಗುವ ಕಥೆಯೊಂದಿದೆ ಎಂದುಕೊಳ್ಳಿ. ದಲ್ಲಾಳಿ ಟವೆಲ್ಲಿನಡಿ ಬೆರಳು ಹಿಡಿದು ಬೆಲೆ ಹೇಳುತ್ತಾನೆ, ಅಪ್ಪ ಮಾತಾಡದೆ ಹಗ್ಗ ಬಿಚ್ಚಿಕೊಳ್ಳುತ್ತಾನೆ. ಕಥೆ ಅಷ್ಟನ್ನೇ ಹೇಳುತ್ತದೆ. ಅಪ್ಪನಾದ ಹುಡುಗನನ್ನು ಕುರ್ಚಿಯಲ್ಲಿ ಕೂರಿಸಿ, ಉಳಿದವರಿಂದ ಪ್ರಶ್ನೆ ಕೇಳಿಸಿ. ಮಗನಾದವನು "ಕಮ್ಮಿ ರೇಟು ಅಂತ ಗೊತ್ತಿದ್ರೂ ಯಾಕಪ್ಪ ಒಪ್ಕಂಡೆ?" ಎನ್ನುತ್ತಾನೆ. "ಸಾಲ ಕೊಟ್ಟೋರು ಮನೆ ತಾವ ಬಂದಿದ್ರು" ಎಂಬ ಉತ್ತರ ಬಂದೊಡನೆ ತಡೆದು, ಹಾಗೆನ್ನಲು ಕಥೆಯ ಯಾವ ಸಾಲು ಆಧಾರವೆಂದು ಇಡೀ ತರಗತಿಯನ್ನು ಕೇಳಿ. ಪುಸ್ತಕ ತಿರುವಿಹಾಕುವ ಆ ಎರಡು ನಿಮಿಷಗಳಲ್ಲೇ ನಿಜವಾದ ಪಾಠ ನಡೆಯುತ್ತದೆ. ಆಡುಮಾತನ್ನು ಅಲ್ಲಿ ತಿದ್ದಲು ಹೋಗಬೇಡಿ.

ಹಿಂಜರಿಯುವ ಮಕ್ಕಳಿಗಾಗಿ ಐದಾರು ಜನರ ಗುಂಪುಗಳನ್ನು ಮಾಡಿ, ಎಲ್ಲ ಗುಂಪುಗಳೂ ಏಕಕಾಲಕ್ಕೆ ಮಾತನಾಡಲಿ. ನೋಡುಗರೇ ಇಲ್ಲದಿದ್ದರೆ ನಾಚಿಕೆ ಕಡಿಮೆಯಾಗುತ್ತದೆ. ಗದ್ದಲವಾಗುತ್ತದೆ, ಪಕ್ಕದ ತರಗತಿಯವರಿಗೆ ಮೊದಲೇ ತಿಳಿಸಿಡಿ. ಕಥೆಯಲ್ಲಿ ಬಾರದ ತಾಯಿಯ ಪಾತ್ರವನ್ನೂ ಕೊಡಿ: ಸಂಜೆ ಬರಿಗೈಯಲ್ಲಿ ಬಂದವನನ್ನು ಅವಳು ಏನೆಂದು ಕೇಳಿಯಾಳು? ಬ್ರಿಟನ್ನಿನ ರಂಗಶಿಕ್ಷಣತಜ್ಞೆ ಡೊರೊಥಿ ಹೀತ್‌ಕೋಟ್ ಅವರು ರೂಢಿಗೆ ತಂದಂತೆ ಶಿಕ್ಷಕರೂ ಪಾತ್ರವಾಗಬಹುದು. ನೀವು ದಲ್ಲಾಳಿಯಾದರೆ, ನಿಮ್ಮ ವಾದವನ್ನು ಮುರಿಯಲು ಮಕ್ಕಳು ಕಥೆಯನ್ನು ಇನ್ನಷ್ಟು ಗಮನವಿಟ್ಟು ಓದುತ್ತಾರೆ.

ಒಂದು ಎಚ್ಚರಿಕೆ. ಮನೆಯಲ್ಲಿ ಸಾಲದ ಕಷ್ಟವನ್ನು ನಿಜವಾಗಿಯೂ ಕಾಣುತ್ತಿರುವ ಮಗುವಿಗೆ ಆ ಅಪ್ಪನ ಪಾತ್ರವನ್ನು ಒತ್ತಾಯದಿಂದ ಹೊರಿಸಬಾರದು. ಬಣ್ಣ, ಮೈಕಟ್ಟು, ಜಾತಿ ನೋಡಿ ಖಳನನ್ನು ಆರಿಸುವ ಹಳೆಯ ಚಾಳಿಯಂತೂ ಸಲ್ಲದು.

ಕೊನೆಯ ಹತ್ತು ನಿಮಿಷ ಪ್ರತಿಯೊಬ್ಬರೂ ತಮ್ಮ ಪಾತ್ರದ ಬಾಯಿಂದ ಆರೇಳು ಸಾಲು ಬರೆಯಲಿ. ಮಾತಿನಲ್ಲಿ ಹಿಂದುಳಿದವರ ಗ್ರಹಿಕೆ ಅಲ್ಲಿ ಕಾಣುತ್ತದೆ. ಆ ಬರಹವನ್ನೇ ರೂಪಣಾತ್ಮಕ ಮೌಲ್ಯಮಾಪನದ (ಕಲಿಕೆಯ ಜೊತೆಜೊತೆಗೇ ನಡೆಸುವ ಮೌಲ್ಯಮಾಪನ) ಚಟುವಟಿಕೆಯಾಗಿ ಪರಿಗಣಿಸಿದರೆ ನಿಮಗೂ ಬೇರೆ ಕೆಲಸ ತಪ್ಪುತ್ತದೆ.