9007199254740993 ಅನ್ನು 3ರಿಂದ ಭಾಗಿಸಿದರೆ ಶೇಷ 2 ಯಾಕೆ?

ಶೇಷ 0 ಬರಬೇಕು ಎಂಬ ನಿಮ್ಮ ಲೆಕ್ಕ ಸರಿಯಾಗಿಯೇ ಇದೆ, ನೀವು ಬಳಸಿದ ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಒಳಗೆ ಸಂಖ್ಯೆಯೇ ಬದಲಾಗಿದೆ. ಅಂಕಿಗಳ ಮೊತ್ತ 78, ಹಾಗಾಗಿ 3ರಿಂದ ಭಾಗ ಹೋಗಲೇಬೇಕು. ಆದರೆ ಇದು 2ರ 53ನೇ ಘಾತಕ್ಕಿಂತ ಸರಿಯಾಗಿ 1 ಜಾಸ್ತಿ. ಅಲ್ಲಿನ ಮಾಮೂಲಿ ಸಂಖ್ಯೆಗೆ 53 ಬಿಟ್‌ಗಳಷ್ಟೇ (ಅಂದರೆ 53 ಬೈನರಿ ಅಂಕಿಗಳ) ನಿಖರತೆ, ಆ ಗಡಿ ದಾಟಿದ ಮೇಲೆ ಬೆಸ ಸಂಖ್ಯೆಗಳಿಗೆ ಜಾಗವೇ ಇಲ್ಲ, ಹಾಗಾಗಿ ಕೊನೆಯ 3 ಸದ್ದಿಲ್ಲದೆ 2 ಆಗಿಬಿಡುತ್ತದೆ. ನಿಮಗೆ ಬಂದ ಶೇಷ ಆ ಬದಲಾದ ಸಂಖ್ಯೆಯದ್ದು.

ಮೊದಲು ಸಂಖ್ಯೆಯನ್ನು ಸುಮ್ನೆ ಪ್ರಿಂಟ್ ಮಾಡಿ ನೋಡಿ, ಕೊನೆಗೆ 992 ಕಂಡರೆ ಇದೇ ಕಾರಣ. ಆಮೇಲೆ ಎರಡೂ ಸಂಖ್ಯೆಗಳ ಕೊನೆಗೆ ಇಂಗ್ಲಿಷಿನ ಸಣ್ಣ ಎನ್ ಅಕ್ಷರ ಸೇರಿಸಿ, ಅಂದರೆ ದೊಡ್ಡ ಪೂರ್ಣಾಂಕವನ್ನೂ ನಿಖರವಾಗಿ ಇಡುವ ಬಿಗ್‌ಇಂಟ್ ಮಾಡಿ. ಬಿಗ್‌ಇಂಟ್ ಫಂಕ್ಷನ್ ಬಳಸುವುದಾದರೆ ಸಂಖ್ಯೆಯನ್ನು ಉದ್ಧರಣ ಚಿಹ್ನೆಯೊಳಗೆ ಕೊಡಿ. ಇಲ್ಲದಿದ್ದರೆ ಅದು ಒಳಗೆ ಹೋಗುವ ಮೊದಲೇ ಕೆಟ್ಟಿರುತ್ತದೆ (ನಾನು ಇಲ್ಲೇ ಅರ್ಧ ದಿನ ಕಳೆದಿದ್ದೆ).

ಸಂಖ್ಯೆ ಎಲ್ಲಿಂದ ಬರುತ್ತಿದೆ ಅಂತ ನೀವು ಹೇಳಿಲ್ಲ. ಜೇಸನ್ (ಡೇಟಾವನ್ನು ಪಠ್ಯವಾಗಿ ಇಡುವ ರೂಪ) ಫೈಲಿನಿಂದಾದರೆ ಓದುವಾಗಲೇ ಹಾಳಾಗಿರಬಹುದು, ಅಲ್ಲಿ ಅದನ್ನು ಸ್ಟ್ರಿಂಗ್ (ಉದ್ಧರಣ ಚಿಹ್ನೆಯೊಳಗಿನ ಪಠ್ಯ) ಆಗಿಯೇ ಇಡಿ.

ಸರಿಹೋಯಿತಾ ಅಂತ ಪರೀಕ್ಷಿಸಲು: 3 × 107 × 28059810762433 ಗುಣಿಸಿದರೆ ನಿಮ್ಮ ಸಂಖ್ಯೆಯೇ ಬರಬೇಕು. ಇದನ್ನೂ ಬಿಗ್‌ಇಂಟ್‌ನಲ್ಲೇ ಮಾಡಿ.